ಯಂತ್ರವೂ ಅದರ ವಿವರಣೆಯೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಯಾವ ಕೆರೆಯನ್ನೇ ನೋಡಿ. ತೂಬನ್ನು ಎಷ್ಟು ಎತ್ತಿದರೆ ಯಾವ ಬಯಲಿಗೆ ನೀರು ಹರಿಯುವುದೆಂಬುದು ನೀರಗಂಟಿಗೆ ಮಾತ್ರವಲ್ಲ, ಊರಿಗೇ ತಿಳಿದಿದ್ದ ಸಂಗತಿ. ಕಟ್ಟಿದವನು ಅದರ ಮರ್ಮವನ್ನು ತನ್ನೊಡನೆ ಕೊಂಡೊಯ್ದಿದ್ದರೆ ಕೆರೆ ಒಂದು ಮಳೆಗಾಲವನ್ನೂ ಬಾಳುತ್ತಿರಲಿಲ್ಲ.

2011ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದು, ತರುವಾಯ ಭಾರತ್‌ನೆಟ್ ಎಂಬ ಹೆಸರು ತಳೆದ ಯೋಜನೆಯು ಗ್ರಾಮಪಂಚಾಯತಿಗಳಿಗೆ ಗಾಜಿನ ತಂತಿಯನ್ನು ಎಳೆಯತಕ್ಕದ್ದು. ತಂತಿ ತುಂಡಾದರೆ ಬೆಸೆಯುವವರು ಸಿಗುತ್ತಾರೆ. ಆದರೆ ಅದರ ಎರಡು ತುದಿಗಳಲ್ಲಿ ಕುಳಿತಿರುವ ಶೀಘ್ರಗಾಮಿ ಜಾಲಯಂತ್ರಗಳ ಒಳಗುಟ್ಟು ಯಾರ ವಶದಲ್ಲಿದೆ? ಇಂತಹ ಚಿಪ್ಪುಗಳ ತಯಾರಕರಲ್ಲಿ ಅನೇಕರು ವಿವರಣಾಪುಸ್ತಕವನ್ನು ಗೋಪ್ಯತೆಯ ಕರಾರಿಗೆ ರುಜು ಹಾಕಿದವರಿಗಲ್ಲದೆ ಕೊಡರು. ತಯಾರಕನು ಹಳೆಯ ಮಾದರಿಯನ್ನು ಕೈಬಿಟ್ಟನೆಂದರೆ, ಅದರ ತಂತ್ರಾಂಶದ ದೋಷವನ್ನು ತಿದ್ದಬಲ್ಲ ಬುದ್ಧಿವಂತ ತರುಣನು ಕೋಲಾರದಲ್ಲಿಯೇ ಇದ್ದರೂ ಕೈಕಟ್ಟಿ ಕೂಡಬೇಕು. ಪ್ರಜೆಗಳ ಹಣದಿಂದ ಕೊಂಡ ಯಂತ್ರ ಗುಜರಿಯ ಪಾಲು!

ಬಹಿರಂಗಪಡಿಸಿದರೆ ವ್ಯಾಪಾರ ಕೆಡುವುದೆಂಬ ವಾದವನ್ನು ನಾವು ಒಪ್ಪಲಾರೆವು. ಸೆಕೆಂಡಿಗೆ 1,000 ಕೋಟಿ ಬಿಟ್ಟುಗಳನ್ನು ಸಾಗಿಸುವ 82599 ಎಂಬ ನಿಯಂತ್ರಕದ ಪ್ರತಿಯೊಂದು ರಿಜಿಸ್ಟರಿನ ವಿವರಣೆಯನ್ನೂ ಇಂಟೆಲ್ ಕಂಪೆನಿಯು ಸಾರ್ವಜನಿಕರ ಮುಂದಿಟ್ಟಿತು. ಅದರಿಂದ ಕಂಪೆನಿಗೆ ಬಡತನವೇನೂ ಬರಲಿಲ್ಲ. ಅಷ್ಟು ದೂರವೇಕೆ? 1984ರಲ್ಲಿ ಹುಟ್ಟಿದ ನಮ್ಮ ಸಿ-ಡಾಟ್ ಸಂಸ್ಥೆಯು ಗ್ರಾಮಗಳಿಗೆಂದು 128 ಲೈನುಗಳ ದೂರವಾಣಿ ವಿನಿಮಯ ಯಂತ್ರವನ್ನು ರಚಿಸಿ, 1986ರಲ್ಲಿ ಕಿತ್ತೂರಿನಲ್ಲಿ ನಿಲ್ಲಿಸಿತು. ಅದರ ವಿನ್ಯಾಸವನ್ನು ಹಲವು ಕಾರ್ಖಾನೆಗಳಿಗೆ ಹಂಚಿತು. ಶೀತಲಯಂತ್ರವಿಲ್ಲದ ಕೊಠಡಿಯ ಧೂಳು ಸೆಕೆಗಳಲ್ಲಿಯೂ ಅದು ನಡೆಯಿತು.

ರಕ್ಷಣೆಯ ಮಾತೂ ಉಂಟು. ವಿಶ್ವಾಸಾರ್ಹ ಮೂಲದಿಂದಲೇ ದೂರಸಂಪರ್ಕ ಯಂತ್ರಗಳನ್ನು ಕೊಳ್ಳಬೇಕೆಂಬ ನಿಯಮವು 2021ರ ಜೂನ್ 15ರಿಂದ ಜಾರಿಗೆ ಬಂದಿತು. ಅದು ಯೋಗ್ಯವೇ. ಆದರೆ ಮಾರುವವನು ಯಾರೆಂದು ವಿಚಾರಿಸಿದ ಮಾತ್ರಕ್ಕೆ ಯಂತ್ರದ ಹೊಟ್ಟೆಯೊಳಗೇನಿದೆಯೆಂಬುದು ಕೊಂಡವನಿಗೆ ತಿಳಿದಂತಾಗುವುದಿಲ್ಲ. ನೂರು ಕಣ್ಣುಗಳು ಪರೀಕ್ಷಿಸಬಹುದಾದ ಯಂತ್ರದಲ್ಲಿ ಕಳ್ಳಬಾಗಿಲನ್ನು ಬಚ್ಚಿಡುವುದು ಕಷ್ಟ.

ನರಸಾಪುರದ ಕಾರ್ಖಾನೆಯಲ್ಲಿ ಐಫೋನುಗಳು ಜೋಡಣೆಯಾಗುತ್ತವೆ. ಅದನ್ನು 2023ರಲ್ಲಿ ಟಾಟಾ ಸಂಸ್ಥೆ ವಹಿಸಿಕೊಂಡಾಗ ನಾವೂ ಸಂತೋಷಪಟ್ಟೆವು. ಆದರೆ ಅನ್ಯರು ರಚಿಸಿದ್ದನ್ನು ಜೋಡಿಸುವ ಕೈಗಳಿಗೆ ರಚನೆಯ ವಿದ್ಯೆ ತಾನಾಗಿ ಬಾರದು.

ನಾವು ಕೇಳುವುದು ಇಷ್ಟೆ. ಪ್ರಜಾಧನದಿಂದ ಜಾಲಯಂತ್ರಗಳನ್ನು ಕೊಳ್ಳುವ ಪ್ರತಿಯೊಂದು ಟೆಂಡರಿನಲ್ಲಿಯೂ ಸರ್ಕಾರದವರು ಒಂದು ಷರತ್ತನ್ನು ಸೇರಿಸಲಿ: ಚಾಲಕ ತಂತ್ರಾಂಶವನ್ನು ಬರೆಯಲು ಸಾಲುವಷ್ಟು ಸಂಪೂರ್ಣ ವಿವರಣೆ, ಯಾವ ಗೋಪ್ಯತೆಯ ಕರಾರೂ ಇಲ್ಲದೆ, ಯಂತ್ರದೊಡನೆಯೇ ಬರತಕ್ಕದ್ದು. ಅದರ ಒಂದು ಪ್ರತಿ ಕೋಲಾರದ ಪಾಲಿಟೆಕ್ನಿಕ್ ವಿದ್ಯಾರ್ಥಿಯ ಕೈಗೂ ಸೇರಲಿ.