ಹೆಗಲ ಮೇಲಿನ ಚೀಲ ಹೇಗಿರಬೇಕು?



ರಜೆ ಹತ್ತಿರ ಬಂತೆಂದರೆ ನಮ್ಮವರ ಮನೆಗಳಲ್ಲಿ ಊರಿನ ಮಾತು ಶುರುವಾಗುತ್ತದೆ. ಅಪ್ಪನಿಗೆ ರೈಲು ಟಿಕೆಟ್ಟಿನ ಚಿಂತೆ, ಅಮ್ಮನಿಗೆ ಯಾರ ಮನೆಗೆ ಏನು ಒಯ್ಯಬೇಕೆಂಬ ಲೆಕ್ಕ. ನಿಮಗೋ ಹೊಸ ಕ್ಯಾಮೆರಾದ ಯೋಚನೆ. ಮೊದಲ ಸಂಬಳದಲ್ಲೋ, ತಿಂಗಳ ಕಂತಿನಲ್ಲೋ ಕೊಂಡ ವಸ್ತು ಅದು. ಕೊಳ್ಳುವ ಮುಂಚೆ ಹತ್ತು ಜನರನ್ನು ಕೇಳಿರುತ್ತೀರಿ, ಹದಿನೈದು ದಿನ ಬೆಲೆ ಹೋಲಿಸಿರುತ್ತೀರಿ. ಆದರೆ ಅದನ್ನು ದಿನವಿಡೀ ಹೊತ್ತು ತಿರುಗುವ ಚೀಲ ಯಾವುದು ಎಂದು ಕೇಳಿದರೆ, "ಅಂಗಡಿಯವನು ಜೊತೆಗೆ ಕೊಟ್ಟದ್ದೇ ಇದೆಯಲ್ಲ" ಎಂಬ ಉತ್ತರ ಬರುತ್ತದೆ. ಈ ಸಲ ಆ ಚೀಲದ ಬಗ್ಗೆ ನಾಲ್ಕು ಮಾತು.

"ಮೊಬೈಲ್ ಇರುವಾಗ ಕ್ಯಾಮೆರಾ ಯಾಕೆ?" ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಒಂದು ಪಾಠವಿದೆ. ಮೊಬೈಲಿನ ದೊಡ್ಡ ಬಲವೆಂದರೆ ಅದು ಸದಾ ಜೇಬಿನಲ್ಲಿರುವುದು. ನಿಮ್ಮ ಕ್ಯಾಮೆರಾ ಎಷ್ಟೇ ಬೆಲೆಯದಾಗಿರಲಿ, ಮೂರು ಜಿಪ್ಪು, ಎರಡು ಬಕಲುಗಳ ಒಳಗೆ ಮಲಗಿದ್ದರೆ ಅದು ಟ್ರಂಕಿನಲ್ಲಿಟ್ಟ ಒಡವೆಯಂತೆ. ಇದೆ ಎಂಬ ಸಮಾಧಾನ ಮಾತ್ರ. ಆದ್ದರಿಂದ ಯಾವುದೇ ಚೀಲಕ್ಕೆ ಮೊದಲ ಪರೀಕ್ಷೆ ಇದು: ನಿಂತಲ್ಲೇ, ಚೀಲವನ್ನು ನೆಲಕ್ಕಿಡದೆ, ಹತ್ತು ಎಣಿಸುವುದರೊಳಗೆ ಕ್ಯಾಮೆರಾ ಕಣ್ಣಿಗೆ ಬರಬೇಕು. ಮಿಕ್ಕ ಗುಣಗಳೆಲ್ಲ ಆಮೇಲೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀವು ಹಂಪಿಗೆ ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಬೆಳಗಿನ ಜಾವ ಸೂರ್ಯೋದಯ ನೋಡಲು ಮಾತಂಗ ಬೆಟ್ಟ ಹತ್ತುತ್ತೀರಿ. ದಾರಿ ಕಡಿದು, ಅಲ್ಲಲ್ಲಿ ಬಂಡೆ ಹಿಡಿದೇ ಏರಬೇಕು. ಒಂದೇ ಹೆಗಲಿಗೆ ತೂಗುಹಾಕಿದ ಚೀಲ ಬಗ್ಗಿದಾಗಲೆಲ್ಲ ಮುಂದಕ್ಕೆ ಜಾರಿ ಕಲ್ಲಿಗೆ ಬಡಿಯುತ್ತದೆ. ಇಲ್ಲಿ ಎರಡು ಕೈಗಳೂ ಬಿಡುವಾಗಿರಬೇಕು. ಬೆನ್ನಿಗೆ ಅಂಟಿಕೊಂಡು ಕೂರುವ ಚೀಲವೋ, ಎದೆಗೆ ಅಡ್ಡಲಾಗಿ ಬಿಗಿದುಕೊಳ್ಳುವ ಚೀಲವೋ ಬೇಕು.

ಇಳಿದು ವಿರೂಪಾಕ್ಷ ದೇವಾಲಯಕ್ಕೆ ಬರುತ್ತೀರಿ. ಅಲ್ಲಿ ಒಂದು ಕತ್ತಲ ಜಾಗದಲ್ಲಿ, ಗೋಡೆಯ ಸಣ್ಣ ಕಿಂಡಿಯಿಂದ ಬರುವ ಬೆಳಕು ಗೋಪುರದ ನೆರಳನ್ನು ತಲೆಕೆಳಗಾಗಿ ಮೂಡಿಸುವುದನ್ನು ತೋರಿಸುತ್ತಾರೆ. ಕ್ಯಾಮೆರಾ ಎಂಬ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ ಎಂದೇ ಅರ್ಥ. ನಿಮ್ಮ ಯಂತ್ರದೊಳಗೆ ಚಿತ್ರ ಮೂಡುವುದೂ ಇದೇ ತತ್ವದಿಂದ. ಇಂಥದನ್ನು ನೋಡದೆ ಬರಬೇಡಿ. ಆದರೆ ಆ ಕತ್ತಲಲ್ಲಿ ಚೀಲ ತಡಕಾಡುತ್ತ ನಿಂತರೆ ಹಿಂದಿನವರು ಸುಮ್ಮನಿರುವುದಿಲ್ಲ. ಚೀಲದ ಒಳಬಟ್ಟೆ ಬೂದು ಅಥವಾ ಹಳದಿಯಂಥ ತಿಳಿಬಣ್ಣದ್ದಾಗಿದ್ದರೆ ಕಪ್ಪು ಲೆನ್ಸು, ಅದರ ಮುಚ್ಚಳ ಬೇಗ ಕಾಣುತ್ತವೆ. ಅಂಗಡಿಯಲ್ಲಿ ಯಾರೂ ಗಮನಿಸದ ಸಣ್ಣ ವಿಷಯ ಇದು.

ಹೊರಗೆ ಬಂದರೆ ಕೋತಿಗಳು. ಹಂಪಿಯಲ್ಲೂ ಬಾದಾಮಿಯಲ್ಲೂ ಅವುಗಳದೇ ರಾಜ್ಯಭಾರ. ಬಾಳೆಹಣ್ಣು ಇರುವ ಖಾನೆಯಲ್ಲೇ ಕ್ಯಾಮೆರಾ ಇದ್ದರೆ ಎರಡಕ್ಕೂ ಒಂದೇ ಗತಿ. ತಿಂಡಿಗೆ ಬೇರೆ ಖಾನೆ ಇರಲಿ, ನೀರಿನ ಬಾಟಲಿ ಚೀಲದ ಹೊರಗಿನ ಜೇಬಿನಲ್ಲಿರಲಿ. ಮಧ್ಯಾಹ್ನದ ಮೇಲೆ ತುಂಗಭದ್ರೆಯಲ್ಲಿ ಹರಿಗೋಲು ಹತ್ತುವಿರಾದರೆ ಚೀಲವನ್ನು ತಳದಲ್ಲಿಡಬೇಡಿ. ಅಲ್ಲಿ ಸ್ವಲ್ಪ ನೀರು ನಿಂತೇ ಇರುತ್ತದೆ. ತೊಡೆಯ ಮೇಲಿಟ್ಟುಕೊಳ್ಳಿ. ಇನ್ನು ಟ್ರೈಪಾಡು ಕಟ್ಟಿಕೊಳ್ಳಲು ಪಟ್ಟಿ ಇದೆಯೇ ಎಂದು ಹುಡುಕುವವರಿಗೆ ಒಂದು ಮಾತು: ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡು ಬಳಸಲು ಮುಂಚಿತ ಅನುಮತಿ ಬೇಕು. ಅದನ್ನು ಮನೆಯಲ್ಲೇ ಬಿಟ್ಟರೆ ಅಷ್ಟು ಭಾರ ಕಡಿಮೆ.

ಭಾರದ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಹಾಕಿ ನೋಡಿ. ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾ ಲೆನ್ಸು ಸಹಿತ ಸುಮಾರು 700 ಗ್ರಾಂ. ಇನ್ನೊಂದು ಹಗುರ ಲೆನ್ಸು 400 ಗ್ರಾಂ. ಒಂದು ಲೀಟರ್ ನೀರು ಒಂದು ಕಿಲೋ. ಕೊಡೆ, ಪವರ್ ಬ್ಯಾಂಕ್, ತಿಂಡಿ ಸೇರಿ ಇನ್ನೊಂದು 900 ಗ್ರಾಂ. ಒಟ್ಟು ಮೂರು ಕಿಲೋ. ಖಾಲಿ ಚೀಲವೇ ಒಂದೂವರೆ ಕಿಲೋ ತೂಗಿದರೆ ಹೊರೆ ಒಂದೇಟಿಗೆ ಒಂದೂವರೆ ಪಟ್ಟಾಗುತ್ತದೆ. ದಪ್ಪ ಸ್ಪಂಜು, ಹತ್ತಾರು ಖಾನೆಗಳಿರುವ ಚೀಲಗಳ ತೊಂದರೆ ಇದೇ. ಖಾನೆ ಇದೆಯೆಂದು ಸಾಮಾನು ತುಂಬುತ್ತೀರಿ, ಭಾರವಾಯಿತೆಂದು ಮಧ್ಯಾಹ್ನ ಲಾಡ್ಜಿನಲ್ಲಿಟ್ಟು ಬರುತ್ತೀರಿ. ಖಾಲಿ ಚೀಲ ಒಂದು ಕಿಲೋಗಿಂತ ಕಡಿಮೆ ಇರಲಿ. ಕ್ಯಾಮೆರಾ ಮತ್ತು ಒಂದೇ ಲೆನ್ಸು ಒಯ್ಯುವವರಿಗೆ ಅಡ್ಡಹೆಗಲ ಚೀಲ ಸಾಕು. ನೀರು, ತಿಂಡಿ ಎಲ್ಲ ಸೇರಿ ಇಡೀ ದಿನ ನಡೆಯುವವರು ಎರಡೂ ಹೆಗಲಿಗೆ ಹಾಕುವ, ಪಕ್ಕದಿಂದ ತೆರೆಯುವ ಚೀಲ ನೋಡಿ. ಒಂದು ಪಟ್ಟಿ ಜಾರಿಸಿ ಚೀಲವನ್ನು ಮುಂದಕ್ಕೆಳೆದರೆ ಕ್ಯಾಮೆರಾ ಕೈಗೆ ಸಿಗಬೇಕು.

ಚೀಲ ನೋಡಲು ಹೇಗಿರಬೇಕು? ಸಾದಾ ಇದ್ದಷ್ಟೂ ಒಳ್ಳೆಯದು. 1970ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಛಾಯಾಗ್ರಾಹಕ ಜಿಮ್ ಡಾಮ್ಕೆ ತನ್ನ ಕೆಲಸಕ್ಕೆಂದು ಮೆದುವಾದ ಕ್ಯಾನ್ವಾಸ್ ಬಟ್ಟೆಯ ಚೀಲವನ್ನು ರೂಪಿಸಿದರು. ಮೈಗೆ ಒಗ್ಗಿ ಕೂರುವ, ಬೇಗ ಕೈಹಾಕಬಹುದಾದ ಆ ಚೀಲ ಪತ್ರಿಕಾ ಛಾಯಾಗ್ರಾಹಕರಲ್ಲಿ ಬಹಳ ಹೆಸರು ಮಾಡಿತು. ನಮ್ಮ ಸಾಹಿತಿಗಳ ಬಗಲಿನ ಚೀಲಕ್ಕೂ ಅದಕ್ಕೂ ದೂರದ ನಂಟಿದೆ ಎನ್ನಿಸುವಷ್ಟು ಸರಳ. ದೊಡ್ಡಕ್ಷರದಲ್ಲಿ ಕಂಪನಿಯ ಹೆಸರಿರುವ ಕ್ಯಾಮೆರಾ ಚೀಲ ಜೇಬುಗಳ್ಳನಿಗೆ ವಿಳಾಸ ಬರೆದುಕೊಟ್ಟ ಹಾಗೆ. ದಾದರ್ ಸ್ಟೇಷನ್ನಿನ ಜನಜಂಗುಳಿಯಲ್ಲಿ ಓಡಾಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೋಕಲ್ಲಿನಲ್ಲಿ ಮಾಡುವಂತೆ ಚೀಲವನ್ನು ಮುಂದಕ್ಕೆ ಹಾಕಿಕೊಳ್ಳಿ. ರೈಲಿನಲ್ಲಿ ರಾತ್ರಿ ಮಲಗುವಾಗ ಪಟ್ಟಿಯನ್ನು ತೋಳಿಗೆ ಸುತ್ತಿ ತಲೆದೆಸೆಯಲ್ಲಿಡಿ.

ಕ್ಯಾಮೆರಾಕ್ಕೆಂದೇ ಚೀಲ ಕೊಳ್ಳಬೇಕೆಂದೂ ಇಲ್ಲ. ಕಾಲೇಜಿನ ಚೀಲದ ಒಳಗೆ ಕೂರಿಸುವ ಮೆತ್ತನೆಯ ಒಳಪೆಟ್ಟಿಗೆಗಳು ಬಿಡಿಯಾಗಿ ಸಿಗುತ್ತವೆ. ಉತ್ತರ ಕರ್ನಾಟಕದ ಮನೆಯವರಾದರೆ ಅದೂ ಬೇಡ. ಹಳೆಯ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿದ ಕೌದಿಯ ಒಂದು ತುಂಡನ್ನು ಚೀಲದ ತಳಕ್ಕೂ ಪಕ್ಕಕ್ಕೂ ಹಾಸಿದರೆ ಕ್ಯಾಮೆರಾಕ್ಕೆ ಅದಕ್ಕಿಂತ ಮೆತ್ತನೆಯ ಹಾಸಿಗೆ ಬೇಕಿಲ್ಲ. ಲೆನ್ಸಿಗೆ ಮಾತ್ರ ಮುಚ್ಚಳ ಹಾಕಿಯೇ ಇಡಿ, ಬಟ್ಟೆಯ ನೂಲು ತಾಗಬಾರದು.

ಮಳೆಗಾಲದಲ್ಲಿ ಕೊಂಕಣ ರೈಲಿನಲ್ಲಿ ಉಡುಪಿ, ಮಂಗಳೂರಿನ ಕಡೆ ಹೊರಟವರು ಇನ್ನೆರಡು ಮಾತು ನೆನಪಿಡಿ. ಚೀಲದ ಬಟ್ಟೆ ನೀರು ತಡೆದರೂ ಜಿಪ್ಪಿನ ಹೊಲಿಗೆಯಿಂದ ನೀರು ಇಳಿಯುತ್ತದೆ. ಮೇಲೆ ಹೊದಿಸುವ ಮಳೆಗವಸು ಇರಲಿ, ಇಲ್ಲವೇ ಒಳಗೊಂದು ದೊಡ್ಡ ಪ್ಲಾಸ್ಟಿಕ್ ಚೀಲವಾದರೂ ಇರಲಿ. ಎರಡನೆಯದಾಗಿ, ಎ.ಸಿ. ಬೋಗಿಯಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆಯಬೇಡಿ. ತಣ್ಣಗಿನ ಗಾಜಿಗೆ ಕರಾವಳಿಯ ಸೆಕೆಗಾಳಿ ತಾಗಿದರೆ ಹಬೆ ಕೂರುತ್ತದೆ. ಅರ್ಧ ಗಂಟೆ ಮುಚ್ಚಿದ ಚೀಲದಲ್ಲೇ ಇದ್ದು ಹೊರಗಿನ ಶಾಖಕ್ಕೆ ಹೊಂದಿಕೊಳ್ಳಲಿ. ಊರಿಂದ ಮರಳಿದ ಮೇಲೆ ಒದ್ದೆ ಚೀಲದಲ್ಲೇ ಕ್ಯಾಮೆರಾ ಬಿಟ್ಟು ಅಟ್ಟಕ್ಕೇರಿಸಿದಿರೋ, ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಚೀಲವನ್ನು ಬಿಸಿಲಿಗೆ ಹಾಕಿ, ಕ್ಯಾಮೆರಾವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿ, ಪವರ್ ಬ್ಯಾಂಕುಗಳನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲೇ ಒಯ್ಯಬೇಕು, ಅದು ನಿಯಮ.

ಕೊಳ್ಳಲು ಹೋಗುವಾಗ, ಮುಂಬಯಿಯ ಡಿ.ಎನ್. ರಸ್ತೆಯಾಗಲಿ, ದೆಹಲಿಯ ಚಾಂದನಿ ಚೌಕವಾಗಲಿ, ಕ್ಯಾಮೆರಾ ಮತ್ತು ತುಂಬಿದ ನೀರಿನ ಬಾಟಲಿಯನ್ನು ಒಯ್ಯಿರಿ. ಅಂಗಡಿಯಲ್ಲೇ ಚೀಲಕ್ಕೆ ತುಂಬಿ, ಹೆಗಲಿಗೇರಿಸಿ, ಹತ್ತು ನಿಮಿಷ ಓಡಾಡಿ. ಜಿಪ್ಪನ್ನು ಇಪ್ಪತ್ತು ಸಲ ಎಳೆದು ನೋಡಿ. ಒಂದೇ ಕೈಯಲ್ಲಿ ತೆರೆಯಲು ಬರುತ್ತದೆಯೇ? ಪಟ್ಟಿ ಹೊಲಿದ ಕಡೆ ಅಡ್ಡಹೊಲಿಗೆ ಗಟ್ಟಿಯಾಗಿದೆಯೇ? ವೆಲ್ಕ್ರೋ ಇದ್ದರೆ ಅದರ ಪರಪರ ಸದ್ದು ಕೇಳಿ. ಯಕ್ಷಗಾನ ನೋಡುವಾಗಲೋ, ಮಗು ಮಲಗಿರುವಾಗಲೋ ಆ ಸದ್ದು ನಿಮಗೇ ಬೇಡವಾಗುತ್ತದೆ. ಅಂಗಡಿಯವನು ಮುಖ ಸಿಂಡರಿಸಬಹುದು. ದಿನವಿಡೀ ಹೊರುವವರು ನೀವಲ್ಲವೇ?

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಹಂಪಿಯ ಕಲ್ಲಿನ ರಥ ಮುಂದಿನ ವರ್ಷವೂ ಅಲ್ಲೇ ನಿಂತಿರುತ್ತದೆ. 2017ರಲ್ಲಿ ಬಂದ ಐವತ್ತರ ನೋಟಿನ ಹಿಂಬದಿಯಲ್ಲೂ ಅದರ ಚಿತ್ರವಿದೆ. ನೀವು ತೆಗೆಯದಿದ್ದರೂ ಅದಕ್ಕೆ ನಷ್ಟವಿಲ್ಲ. ಆದರೆ ಹಂಪಿ ಮುಗಿಸಿ ಊರ ಮನೆಗೆ ಹೋಗುತ್ತೀರಲ್ಲ, ಅಲ್ಲಿ ಅಜ್ಜಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದನ್ನು, ಅಜ್ಜ ಕನ್ನಡಕ ಮೂಗಿನ ತುದಿಗಿಳಿಸಿ ನಿಮ್ಮಪ್ಪನ ಹಳೆಯ ಪತ್ರ ಓದುವುದನ್ನು ಇನ್ಯಾರೂ ತೆಗೆಯುವುದಿಲ್ಲ. ವರ್ಷಕ್ಕೊಮ್ಮೆಯೋ, ಎರಡು ವರ್ಷಕ್ಕೊಮ್ಮೆಯೋ ಹೋಗುವವರು ನೀವು. ಎಷ್ಟೋ ಮನೆಗಳಲ್ಲಿ ಈ ಸಲ ಕಂಡದ್ದು ಮುಂದಿನ ಸಲಕ್ಕೆ ಇರುವುದಿಲ್ಲ. ದೊಡ್ಡ ಪೆಟ್ಟಿಗೆ ಬಿಚ್ಚಿ ಲೆನ್ಸು ಜೋಡಿಸುತ್ತ ಕೂತರೆ ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡು, "ತಡಿ, ಒಳ್ಳೆ ಸೀರೆ ಉಟ್ಟು ಬರ್ತೀನಿ" ಎನ್ನುತ್ತಾರೆ. ಆ ಚಿತ್ರವೂ ಚೆನ್ನಾಗಿಯೇ ಬರುತ್ತದೆ. ನಿಮಗೆ ಬೇಕಾಗಿದ್ದದ್ದು ರೊಟ್ಟಿ ಬಡಿಯುವ ಅಜ್ಜಿ.

ಹಾಗಾಗಿ ಚೀಲವನ್ನು ಆರಿಸುವಾಗ ಅದರಲ್ಲಿ ಎಷ್ಟು ಹಿಡಿಸುತ್ತದೆ ಎಂದು ಕೇಳಬೇಡಿ, ಎಷ್ಟು ಬೇಗ ತೆರೆಯುತ್ತದೆ ಎಂದು ಕೇಳಿ. ಊರಿಂದ ಬಂದ ಮೇಲೆ ಒಂದು ಚಿತ್ರವನ್ನು, ಎರಡು ಸಾಲು ಕನ್ನಡದಲ್ಲಿ ಬರೆದು, ನಮ್ಮ ಪುಟಕ್ಕೂ ಕಳಿಸಿ. ಪ್ರಯಾಣ ಸುಖವಾಗಲಿ.