ಖಿನ್ನತೆಯೆಂದರೆ ಯಾರಿಗೆ ತಿಳಿದೀತು?

ನಮ್ಮ ಕಾಲೇಜಿನಲ್ಲಿ ಓದಿಹೋದ ಹುಡುಗಿಯೊಬ್ಬಳು ಈಗ ಎಚ್‌ಐವಿ ಇರುವ ತರುಣರ ಮನಸ್ಸಿನ ಆರೋಗ್ಯವನ್ನು ಕುರಿತು ಸಂಶೋಧನೆ ನಡೆಸಿದ್ದಾಳೆ. ಮೊನ್ನೆ ಪ್ರಶ್ನಾವಳಿಯೊಂದನ್ನು ತಂದು, "ಸಾರ್, ಇದರ ಕನ್ನಡ ಸರಿಯಿದೆಯೇ ನೋಡಿ" ಎಂದಳು. ಮೊದಲ ಪ್ರಶ್ನೆ: "ಇತ್ತೀಚೆಗೆ ತಾವು ಖಿನ್ನತೆಯನ್ನು ಅನುಭವಿಸಿರುವಿರಾ?" ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಬಾಗಲಕೋಟೆಯ ಕಡೆಯ ಹುಡುಗನೊಬ್ಬ ಇದನ್ನು ಕೇಳಿ, "ಅದೇನೂ ಇಲ್ರೀ" ಎಂದನಂತೆ. ಕಾಗದದಲ್ಲಿ 'ಇಲ್ಲ' ಎಂದು ಗುರುತು ಬಿತ್ತು. ಇವಳು ಹೊರಡುವಾಗ ಅವನೇ ತಡೆದು, "ರಾತ್ರಿ ನಿದ್ದಿ ಬರೂದಿಲ್ರೀ ಅಕ್ಕಾ, ವಿಚಾರ ಮಾಡಿ ಮಾಡಿ ತಲಿ ಕೆಟ್ಟೈತಿ. ಗುಳಿಗಿ ನುಂಗಿ ಏನಾಗೂದೈತಿ?" ಎಂದನಂತೆ.

ಅವನಿಗೆ ಖಿನ್ನತೆಯಿಲ್ಲವೆಂದು ನಮ್ಮ ಶಾಸ್ತ್ರ ಆಗಲೇ ಬರೆದುಕೊಂಡಾಗಿತ್ತು!

"ಶಾಸ್ತ್ರಕ್ಕೆ ಶಾಸ್ತ್ರದ ಮಾತೇ ಬೇಕು, ಆಡುಮಾತು ಬಂದರೆ ನಿಖರತೆ ಕೆಡುತ್ತದೆ" ಎನ್ನುವ ವಿದ್ವಾಂಸರುಂಟು. ವೈದ್ಯರು ತಮ್ಮತಮ್ಮೊಳಗೆ ಯಾವ ಮಾತನ್ನಾದರೂ ಆಡಿಕೊಳ್ಳಲಿ. ಆದರೆ ಕೇಳಿದವನಿಗೇ ತಿಳಿಯದ ಪ್ರಶ್ನೆಯಲ್ಲಿ ನಿಖರತೆ ಎಲ್ಲಿಂದ ಬಂತು? ಬದಲಾದ ಪ್ರಶ್ನೆಯನ್ನು ಮತ್ತೆ ಒರೆಗೆ ಹಚ್ಚಬೇಕೆಂಬುದು ನಿಜ. ಹಚ್ಚಲಿ. ಅದು ಕಷ್ಟದ ಮಾತೇ ಹೊರತು ಅಸಾಧ್ಯದ ಮಾತಲ್ಲ.

ಆಫ್ರಿಕದ ಜಿಂಬಾಬ್ವೆ ಇದನ್ನು ಮಾಡಿ ತೋರಿಸಿದೆ. ಹರಾರೆಯ ಎಂಬಾರೆಯಲ್ಲಿ 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಅಜ್ಜಿಯರು 'ಡಿಪ್ರೆಷನ್' ಎನ್ನಲಿಲ್ಲ. ಶೋನ ಭಾಷೆಯಲ್ಲಿ ಜನ ಆಡುವ 'ಕುಫುಂಗಿಸಿಸ' ಎಂಬ ಮಾತನ್ನೇ ಹಿಡಿದರು. ಅದರ ಅರ್ಥ, ಅತಿಯಾಗಿ ವಿಚಾರ ಮಾಡುವುದು. ನಮ್ಮ ಬಾಗಲಕೋಟೆಯ ಹುಡುಗ ಹೇಳಿದ್ದೂ ಅದನ್ನೇ ಅಲ್ಲವೆ? 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಬೆಂಚಿನ ನೆರವು ಪಡೆದವರ ಬಾಧೆ ಉಳಿದವರಿಗಿಂತ ಬಹಳ ತಗ್ಗಿದ್ದು ಕಂಡುಬಂತು. ಅವರಲ್ಲಿ ಎಚ್‌ಐವಿ ಇದ್ದವರೂ ಅನೇಕರಿದ್ದರು.

ಇದು ಬರಿಯ ಭಾಷೆಯ ಜಗಳವಲ್ಲ. ನಮ್ಮ ದೇಶದಲ್ಲಿ 2004ರಿಂದ ಎಚ್‌ಐವಿಗೆ ಉಚಿತ ಔಷಧಿ ದೊರೆಯುತ್ತಿದೆ. ಹುಟ್ಟಿನಿಂದಲೇ ಸೋಂಕು ಹೊತ್ತು ಬಂದ ಎಷ್ಟೋ ಮಕ್ಕಳು ಅದರಿಂದ ಬದುಕಿ ಪ್ರಾಯಕ್ಕೆ ಬಂದಿದ್ದಾರೆ. ಗುಳಿಗೆಯನ್ನು ತಪ್ಪದೆ ನುಂಗಿ, ರಕ್ತಪರೀಕ್ಷೆಯಲ್ಲಿ ವೈರಸ್ಸು ಕಾಣದಷ್ಟು ತಗ್ಗಿದರೆ, ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಆದರೆ ಗುಳಿಗೆಯನ್ನು ದಿನವೂ ನುಂಗಬೇಕು, ಬಾಳಿನುದ್ದಕ್ಕೂ ನುಂಗಬೇಕು. ಬದುಕುವ ಮನಸ್ಸೇ ಇಲ್ಲದವನು ಅದನ್ನು ಏತಕ್ಕೆ ನುಂಗಿಯಾನು?

2017ರ ಕಾಯಿದೆ ಇವರನ್ನು ಭೇದದಿಂದ ಕಾಣಬಾರದೆಂದು ವಿಧಿಸಿದೆ. ಸಂತೋಷ. ಆದರೆ ಕಿವಿಗೊಟ್ಟು ಕೇಳುವ ಕೆಲಸವನ್ನು ಯಾವ ಕಾಯಿದೆಯೂ ನಮ್ಮ ಪರವಾಗಿ ಮಾಡಲಾರದು. ಹಳಗನ್ನಡದ ಒಂದು ಶಬ್ದಕ್ಕಾಗಿ ವರ್ಷಗಟ್ಟಲೆ ಕಾದಾಡುವ ನಾವು, ಕನ್ನಡ ಅಧ್ಯಾಪಕರು, ನೊಂದವರ ಮಾತನ್ನು ಸಂಗ್ರಹಿಸಲು ಒಂದು ದಿನವಾದರೂ ವೈದ್ಯರ ಪಕ್ಕದಲ್ಲಿ ಕುಳಿತಿದ್ದೇವೆಯೆ?

ಆ ಪ್ರಶ್ನೆಯನ್ನು ನಾನು ತಿದ್ದಲಿಲ್ಲ, ಹೊಡೆದುಹಾಕಿದೆ. "ಆ ಹುಡುಗನ ಮಾತಿನಿಂದಲೇ ಶುರುಮಾಡಮ್ಮ, ಮೊದಲು ಅವನಲ್ಲಿಗೇ ಮತ್ತೊಮ್ಮೆ ಹೋಗು" ಎಂದೆ.