ಪರದೆಯ ಮೇಲಿನ ಹಳಗನ್ನಡ: ಎರಡು ಅಕ್ಷರಗಳ ಪ್ರಶ್ನೆ

ವಿಶ್ವವಿದ್ಯಾಲಯಗಳ ಕನ್ನಡ ತರಗತಿಗಳಲ್ಲಿ ಡಿಜಿಟಲ್ ಮಾಧ್ಯಮದ ಬಳಕೆ ಎಂದರೆ ಬಹುಮಟ್ಟಿಗೆ ಟಿಪ್ಪಣಿಗಳನ್ನು ಪರದೆಯ ಮೇಲೆ ತೋರಿಸುವುದು ಎಂದೇ ಆಗಿದೆ. 2020ರ ಕೋವಿಡ್ ಕಾಲದ ಆನ್‌ಲೈನ್ ಪಾಠಗಳು ಈ ರೂಢಿಯನ್ನು ಗಟ್ಟಿಗೊಳಿಸಿದವು. ಹಿಂದೆ ಬರೆಯಿಸುತ್ತಿದ್ದುದನ್ನೇ ಈಗ ಪಿಡಿಎಫ್ ರೂಪದಲ್ಲಿ ಕಳುಹಿಸಲಾಗುತ್ತಿದೆ. ಬೋಧನೆಯ ಕ್ರಮವೇನೂ ಬದಲಾಗಿಲ್ಲ. ತಂತ್ರಜ್ಞಾನವು ಕನ್ನಡ ಅಧ್ಯಯನದ ಮುಂದೆ ಇಡುವ ನಿಜವಾದ ಪ್ರಶ್ನೆ ಇದಲ್ಲ. ಕಾವ್ಯದ ಪಠ್ಯವು ಗಣಕಕ್ಕೆ ಯಾವ ರೂಪದಲ್ಲಿ ಸೇರುತ್ತಿದೆ ಎಂಬುದು ಆ ಪ್ರಶ್ನೆ.

ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ಗಮನಿಸಬಹುದು. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಗಣಕೀಕೃತ ಪಠ್ಯಗಳಲ್ಲಿ ಅನೇಕ ಕಡೆ ಈ ಭೇದ ಉಳಿದಿಲ್ಲ; ಎಲ್ಲವೂ ಳ ಮತ್ತು ರ ಆಗಿವೆ. ಅಂತಹ ಪಠ್ಯದಲ್ಲಿ ‘ಬಾಳ್’ ಎಂದು ಹುಡುಕುವ ವಿದ್ಯಾರ್ಥಿಗೆ ಕತ್ತಿಯೂ ಬದುಕೂ ಒಟ್ಟಿಗೇ ದೊರೆಯುತ್ತವೆ. ನಷ್ಟ ಅರ್ಥಕ್ಕೆ ಮಾತ್ರ ಸೀಮಿತವಲ್ಲ. ೞಕಾರವು ರಕಾರ ಅಥವಾ ಳಕಾರವಾಗಿ ಮಾರ್ಪಟ್ಟ ಕ್ರಮವು ಶಾಸನ ಮತ್ತು ಕಾವ್ಯಗಳ ಕಾಲವಿಚಾರದಲ್ಲಿ ವಿದ್ವಾಂಸರು ಬಳಸುತ್ತ ಬಂದಿರುವ ಆಧಾರ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು ಎಂದರೆ, ಅವನ ಕಾಲಕ್ಕೇ ಬಳಕೆ ಮಸುಕಾಗಿತ್ತೆಂದು ತಿಳಿಯಬೇಕು. ಅವನು ಉಳಿಸಲು ಯತ್ನಿಸಿದ್ದನ್ನು ಇಂದಿನ ಅವಸರದ ಬೆರಳಚ್ಚು ಸದ್ದಿಲ್ಲದೆ ಅಳಿಸುತ್ತಿದೆ.

ದೋಷವನ್ನು ಯಂತ್ರದ ಮೇಲೆ ಹೊರಿಸುವಂತಿಲ್ಲ. ಯೂನಿಕೋಡ್ ಎರಡೂ ಅಕ್ಷರಗಳಿಗೆ ಸ್ಥಾನ ಕೊಟ್ಟಿದೆ. ೞಕಾರಕ್ಕೆ ಅಲ್ಲಿ ‘ಫಾ’ ಎಂಬ ತಪ್ಪು ಹೆಸರು ಬಿದ್ದಿದೆಯೆಂಬುದೂ, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆಯೆಂಬುದೂ ಬೇರೆ ಮಾತು. ಹೆಸರು ಏನೇ ಇರಲಿ, ಅಕ್ಷರ ಲಭ್ಯವಿದೆ. ಅದನ್ನು ಕೇಳುವ ಓದುಗ ತರಗತಿಯಲ್ಲಿ ತಯಾರಾಗುತ್ತಿಲ್ಲ.

ಹಾಗೆಂದು ಡಿಜಿಟಲ್ ಪಠ್ಯವನ್ನು ದೂರವಿಡುವುದು ಪರಿಹಾರವಲ್ಲ. ಮರುಮುದ್ರಣ ಕಾಣದ ಸಂಪಾದನೆಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ರೂಪದಲ್ಲಿವೆ. ಸಣ್ಣ ಊರಿನ ಕಾಲೇಜಿನಿಂದ ಬಂದ ವಿದ್ಯಾರ್ಥಿಗೆ ಎಷ್ಟೋ ವೇಳೆ ಮೊಬೈಲ್ ಫೋನೇ ಗ್ರಂಥಾಲಯ. ಅದನ್ನು ಹಗುರವಾಗಿ ಕಾಣುವ ಹಿರಿಯರು ಆ ಗ್ರಂಥಗಳು ಬೇರೆಲ್ಲಿ ಸಿಗುತ್ತವೆ ಎಂಬುದನ್ನೂ ಹೇಳಬೇಕಾಗುತ್ತದೆ.

ಎಂ.ಎ. ತರಗತಿಗಳಲ್ಲಿ ಗ್ರಂಥಸಂಪಾದನೆಯನ್ನು ಇಂದಿಗೂ ಬಹುತೇಕ ಸಿದ್ಧಾಂತವಾಗಿಯೇ ಬೋಧಿಸಲಾಗುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪರೀಕ್ಷೆಗಾಗಿ ಓದಿದವರು ಒಂದು ಪಾಠಾಂತರವನ್ನೂ ಸ್ವತಃ ಗುರುತಿಸದೆ ಪದವಿ ಪಡೆಯಬಹುದು. ಪಂಪಭಾರತದ ಹತ್ತು ಪದ್ಯಗಳನ್ನು ಅಂತರ್ಜಾಲದಿಂದ ತೆಗೆದುಕೊಂಡು, ಸ್ಕ್ಯಾನ್ ಪ್ರತಿಯೊಡನೆ ಅಕ್ಷರಶಃ ಹೋಲಿಸಿ, ವ್ಯತ್ಯಾಸಗಳಿಗೆ ಕಾರಣ ಬರೆಯುವ ಕೆಲಸವನ್ನು ಆಂತರಿಕ ಮೌಲ್ಯಮಾಪನಕ್ಕೆ ಸೇರಿಸಿದರೆ ತಂತ್ರಜ್ಞಾನವೂ ಶಾಸ್ತ್ರವೂ ಒಂದೇ ಮೇಜಿನ ಮೇಲೆ ಕೂಡುತ್ತವೆ. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ. ಸೆಮಿಸ್ಟರಿನ ಅವಧಿ ಸಾಲದೆಂಬ ಆಕ್ಷೇಪ ನಿಜವೇ. ಆದರೆ ಪದ್ಯಗಳ ಸಂಖ್ಯೆ ಐದಕ್ಕಿಳಿದರೂ ಉದ್ದೇಶ ಕೆಡುವುದಿಲ್ಲ. ತಿದ್ದಿದ ಪಾಠವನ್ನು ಕನ್ನಡ ವಿಕಿಸೋರ್ಸ್‌ಗೆ ಸೇರಿಸಬಹುದು. ಯಾರು, ಯಾವಾಗ, ಯಾವ ಅಕ್ಷರವನ್ನು ಬದಲಿಸಿದರು ಎಂಬುದು ಅಲ್ಲಿ ದಾಖಲಾಗುವುದರಿಂದ ಅಧ್ಯಾಪಕರು ಅಂಕ ನೀಡುವುದಕ್ಕೂ ಅದೇ ಆಧಾರವಾಗುತ್ತದೆ.